ನೋವಿನ ಅಂಟುಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೇಳು ವರ್ಷಗಳಿಂದ ನವಿ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಉರಿಯೂತ ಇಳಿಸುವ ಔಷಧದ ಅಂಟುಪಟ್ಟಿಗಳನ್ನು ರೂಪಿಸುವ ಕೆಲಸದಲ್ಲಿದ್ದೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ, ಲೋಕಲ್ ರೈಲಿನ ಮಹಿಳೆಯರ ಡಬ್ಬದಲ್ಲಿ, ಊರಿನಿಂದ ಬರುವ ಫೋನುಗಳಲ್ಲಿ ಜನ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ, ಕೊನೆಯವು ಈ ವಿದ್ಯೆ ಕಲಿಯಬೇಕೆನ್ನುವವರಿಗೆ.

## ಮೊದಲ ಪರಿಚಯ

ಚರ್ಮದ ಮೇಲೆ ಅಂಟಿಸಿದ್ದು ಒಳಗಿನ ನೋವಿಗೆ ಹೇಗೆ ತಲುಪುತ್ತದೆ ಮೇಡಂ? ನನಗಂತೂ ನಂಬಿಕೆ ಬರುವುದಿಲ್ಲ.

ಪೆಟ್ಟು ಬಿದ್ದ ಜಾಗದಲ್ಲಿ ನಮ್ಮ ದೇಹವೇ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಅಲ್ಲಿ ಊದಿಕೊಳ್ಳುವುದು, ಕೆಂಪಾಗುವುದು, ಬಿಸಿಯೇರುವುದು, ಮುಟ್ಟಿದರೆ ನೋಯುವುದು ಬಹುಮಟ್ಟಿಗೆ ಅವುಗಳಿಂದಲೇ. ಡೈಕ್ಲೋಫೆನಾಕ್, ಕೀಟೊಪ್ರೊಫೇನ್, ಐಬುಪ್ರೊಫೇನ್ ಮುಂತಾದ ಔಷಧಗಳು ಆ ತಯಾರಿಕೆಗೆ ಬೇಕಾದ ಕಿಣ್ವವನ್ನು ತಡೆಯುತ್ತವೆ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಹೀಗೆ ಕೆಲಸ ಮಾಡುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಇನ್ನು ತಲುಪುವ ಮಾತು. ಚರ್ಮದ ಎಲ್ಲಕ್ಕಿಂತ ಹೊರಗೆ ಸತ್ತ ಕೋಶಗಳ ಒಂದು ಪದರವಿದೆ. ಅದರ ದಪ್ಪ ಬರೀ 10ರಿಂದ 20 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಮಳೆಯಲ್ಲಿ ನೆನೆದರೂ ನಮ್ಮ ಮೈ ಒಳಗೆ ನೀರು ಕುಡಿಯದಿರುವುದು ಇದರಿಂದಲೇ. ಕೋಶಗಳು ಇಟ್ಟಿಗೆಗಳಂತೆ ಜೋಡಣೆಯಾಗಿವೆ, ನಡುವಿನ ಗಾರೆ ಕೊಬ್ಬಿನ ಜಾತಿಯದು. ಔಷಧದ ಅಣು ಈ ಗಾರೆಯ ಸಂದಿಯಲ್ಲಿ ಸುತ್ತಿ ಬಳಸಿ ನುಸುಳಬೇಕು. ಅಣುತೂಕ 500 ದಾಟಿದ ಅಣುಗಳಿಗೆ ಈ ದಾರಿ ಬಹುತೇಕ ಮುಚ್ಚಿದ ಹಾಗೆಯೇ. ಡೈಕ್ಲೋಫೆನಾಕ್‌ನದು ಸುಮಾರು 296, ಕೀಟೊಪ್ರೊಫೇನ್‌ನದು 254. ಎರಡೂ ಚಿಕ್ಕವು, ಎಣ್ಣೆಯಂಶದಲ್ಲಿ ಕರಗುವಂಥವು. ಆದ್ದರಿಂದ ನಿಧಾನವಾಗಿಯಾದರೂ ಒಳಗೆ ಇಳಿದು, ಪಟ್ಟಿಯ ಕೆಳಗಿರುವ ಸ್ನಾಯು ಮತ್ತು ಕೀಲಿನ ಸುತ್ತಲ ಭಾಗವನ್ನು ಸೇರುತ್ತವೆ.

ನಮ್ಮಮ್ಮ ಕಾಲು ಉಳುಕಿದರೆ ಅರಿಶಿನ, ಸುಣ್ಣದ ಪಟ್ಟು ಹಾಕುತ್ತಿದ್ದರು. ಇದೂ ಅದೇ ಅಲ್ಲವೇ?

ಬಯಕೆ ಅದೇ. ನೋವಿರುವ ಕಡೆಗೇ ಮದ್ದು ಹೋಗಲಿ, ಇಡೀ ಮೈಗೆ ಬೇಡ ಎನ್ನುವ ತಿಳಿವಳಿಕೆ ನಮ್ಮ ಅಡುಗೆಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿಮಾಡಿ ಮಂಡಿಗೆ ಕಟ್ಟುವುದನ್ನು ನಾನೂ ನೋಡಿದ್ದೇನೆ. ಹಿಂದಿನ ತಲೆಮಾರಿನವರಿಗೆ ಬೆಲ್ಲಡೋನಾ ಪ್ಲಾಸ್ಟರು ನೆನಪಿರಬಹುದು, ಬೆನ್ನಿಗೆ ಅಂಟಿಸಿದರೆ ಕೀಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಜಪಾನಿನ ಸಲೋನ್‌ಪಾಸ್ 1934ರಿಂದಲೂ ಮಾರಾಟದಲ್ಲಿದೆ.

ಇಂದಿನ ಔಷಧಪಟ್ಟಿ ಬೇರೆಯಾಗುವುದು ಅಳತೆಯ ವಿಷಯದಲ್ಲಿ. ಮನೆಯ ಪಟ್ಟಿನಲ್ಲಿ ಎಷ್ಟು ಮದ್ದು ಇದೆ, ಎಷ್ಟು ಹೊತ್ತಿಗೆ ಎಷ್ಟು ಒಳಗೆ ಹೋಯಿತು ಎಂದು ಹೇಳುವಂತಿಲ್ಲ. ಔಷಧಪಟ್ಟಿಯ ಪ್ರತಿ ಚದರ ಸೆಂಟಿಮೀಟರಿನಲ್ಲೂ ಒಂದೇ ಪ್ರಮಾಣದ ಔಷಧವಿರಬೇಕು, ಸಾವಿರನೆಯ ಪಟ್ಟಿಯೂ ಮೊದಲನೆಯದರ ಹಾಗೆಯೇ ಇರಬೇಕು. ನಮ್ಮ ಕೆಲಸದ ಮುಕ್ಕಾಲು ಪಾಲು ಹೋಗುವುದು ಇದಕ್ಕೇ.

ಮಾತ್ರೆ ನುಂಗಿದರೆ ಮುಗಿಯಿತು, ಅಗ್ಗವೂ ಹೌದು. ಪಟ್ಟಿಗೇಕೆ ಅಷ್ಟು ದುಡ್ಡು ಹಾಕಬೇಕು?

ಈ ಪ್ರಶ್ನೆಗೆ ನನ್ನ ಸೋದರಮಾವನ ಕಥೆ ಹೇಳದೆ ನನಗೆ ಉತ್ತರಿಸಲು ಬರುವುದಿಲ್ಲ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ನಿಂತೇ ದುಡಿದವರು. ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿ ಹಂಡೆ ಇಳಿಸುವ ಮೊದಲು ಖಾಲಿ ಹೊಟ್ಟೆಗೆ ಒಂದು ನೋವಿನ ಮಾತ್ರೆ, ಮಧ್ಯಾಹ್ನ ಊಟದ ಪಾಳಿ ಮುಗಿದಾಗ ಇನ್ನೊಂದು. ಮಂಡಿ ಕೆಲಸ ಮಾಡುತ್ತಿತ್ತು. ಒಂದು ದಿನ ಮಲ ಟಾರಿನಂತೆ ಕಪ್ಪಗೆ ಹೋಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ರಕ್ತ ವಾಂತಿಯಾಗಿ ಆಸ್ಪತ್ರೆ ಸೇರಿದಾಗ ಹೊಟ್ಟೆಯಲ್ಲಿ ಹುಣ್ಣು ಒಡೆದಿತ್ತು.

ಕಾರಣ ಇಷ್ಟೇ. ಮಂಡಿಯಲ್ಲಿ ನೋವು ತರುವ ಪ್ರೋಸ್ಟಗ್ಲಾಂಡಿನ್‌ನ ಬಳಗದವೇ ಹೊಟ್ಟೆಯ ಒಳಪೊರೆಯನ್ನು ಆಮ್ಲದಿಂದ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂಬ ಭೇದ ಗೊತ್ತಿಲ್ಲ. ಡೈಕ್ಲೋಫೆನಾಕ್ ಎಪೊಲಮಿನ್ (ಡೈಕ್ಲೋಫೆನಾಕ್‌ನ ಒಂದು ಲವಣ ರೂಪ) ಪಟ್ಟಿಯನ್ನು ನಾಲ್ಕು ದಿನ ಸತತ ಬಳಸಿದ ಮೇಲೂ ರಕ್ತದಲ್ಲಿ ಸಿಕ್ಕ ಔಷಧ, 50 ಮಿಲಿಗ್ರಾಂನ ಒಂದೇ ಒಂದು ಡೈಕ್ಲೋಫೆನಾಕ್ ಮಾತ್ರೆ ನುಂಗಿದಾಗ ಸಿಗುವುದರ ಶೇಕಡಾ 1ಕ್ಕಿಂತ ಕಡಿಮೆ. ನನ್ನ ಮಾವನಂಥವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ವಯಸ್ಸಾದವರು, ಹಿಂದೆ ಹುಣ್ಣು ಆಗಿದ್ದವರು, ಬೇರೆ ಕಾಯಿಲೆಗಳಿಗಾಗಿ ಆರೇಳು ಮಾತ್ರೆ ನುಂಗುವವರು ಪಟ್ಟಿಯ ಬಗ್ಗೆ ವೈದ್ಯರನ್ನು ಕೇಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಸಿಗುವ ತಣ್ಣಗೆ, ಬಿಸಿಬಿಸಿ ಅನ್ನಿಸುವ ಪಟ್ಟಿಗಳೂ ಇವೇ ಏನು?

ಎಲ್ಲವೂ ಒಂದೇ ಅಲ್ಲ. ಮೆಂಥಾಲ್ ಚರ್ಮದ ತಂಪು ಗ್ರಹಿಸುವ ನರಗಳನ್ನು ಕೆಣಕುತ್ತದೆ, ನೋವಿನಿಂದ ಮನಸ್ಸು ಸ್ವಲ್ಪ ಹೊತ್ತು ಬೇರೆಡೆ ತಿರುಗುತ್ತದೆ. ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ಸಂಬಂಧಿ, ನೋವಿನ ಮುಲಾಮುಗಳ ಪರಿಮಳ ಅದರದೇ. ಲಿಡೊಕೇನ್ ಪಟ್ಟಿ ನರವನ್ನು ಮರಗಟ್ಟಿಸುತ್ತದೆ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಪಟ್ಟಿ ನರದ ನೋವಿಗೆ, ಇವೆರಡೂ ಉರಿಯೂತ ಇಳಿಸುವುದಿಲ್ಲ. ಪೊಟ್ಟಣದ ಹಿಂದೆ ಔಷಧದ ಹೆಸರನ್ನು ಓದಿ. ತಂಪು ಹೆಚ್ಚಾದಷ್ಟೂ ಮದ್ದು ಹೆಚ್ಚು ಎಂದುಕೊಳ್ಳಬೇಡಿ.

ಯಾವ ನೋವಿಗೂ ಅಂಟಿಸಬಹುದೇ? ನನಗೆ ಸೊಂಟದ ಕೀಲು ಸವೆದಿದೆ.

ಉಳುಕು, ಸ್ನಾಯು ಎಳೆತ, ಪೆಟ್ಟಿನ ಊತ, ಮಂಡಿ, ಮಣಿಕಟ್ಟು, ಪಾದದ ಗಂಟು, ಬೆರಳುಗಳ ಕೀಲು: ಚರ್ಮದಿಂದ ಹೆಚ್ಚು ಆಳದಲ್ಲಿಲ್ಲದ ಜಾಗಗಳಿಗೆ ಪಟ್ಟಿ ಹೊಂದುತ್ತದೆ. ಸೊಂಟದ ಕೀಲು ದಪ್ಪ ಸ್ನಾಯುಗಳ ಅಡಿಯಲ್ಲಿ ಹೂತುಕೊಂಡಿದೆ, ಅಲ್ಲಿಗೆ ಔಷಧ ಇಳಿಯುವಷ್ಟರಲ್ಲಿ ರಕ್ತವೇ ಅದನ್ನು ಹೊತ್ತೊಯ್ದಿರುತ್ತದೆ. ಹಣ ಹಾಳುಮಾಡಬೇಡಿ.

## ಬಳಸುವವರು ಕೇಳುವುದು

ಮಳೆಗಾಲದಲ್ಲಿ ಡೊಂಬಿವಲಿಯಲ್ಲಿ ಅಂಟಿಸಿಕೊಂಡು ಹೊರಟರೆ ಸಿಎಸ್‌ಎಂಟಿ ನಿಲ್ದಾಣ ಬರುವಷ್ಟರಲ್ಲಿ ಕಿತ್ತು ಬಂದಿರುತ್ತದೆ ಅಕ್ಕ. ಏನು ಮಾಡಲಿ?

ಜುಲೈ ತಿಂಗಳ ಬೆಳಗಿನ ವೇಗದ ಗಾಡಿಯಲ್ಲಿ ನಿಂತವರಿಗೆ ಇದರ ಕಷ್ಟ ಗೊತ್ತು. ಬೆವರು ಆರುವುದಿಲ್ಲ, ಒಬ್ಬರ ತೋಳು ಇನ್ನೊಬ್ಬರ ಬೆನ್ನಿಗೆ ಉಜ್ಜುತ್ತಿರುತ್ತದೆ.

ಸ್ನಾನವಾದ ತಕ್ಷಣ ಅಂಟಿಸಬೇಡಿ. ಮೈ ಒರೆಸಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಕುಳಿತು ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿ. ಆ ಜಾಗಕ್ಕೆ ತೆಂಗಿನೆಣ್ಣೆ, ಕ್ರೀಮು, ಪೌಡರು ಯಾವುದೂ ಬೇಡ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಗಿಡ್ಡ ಮಾಡಿ. ರೇಜರಿನಿಂದ ಬೋಳಿಸಿದರೆ ಕಣ್ಣಿಗೆ ಕಾಣದ ಗೀರುಗಳಾಗಿ ಉರಿಯುತ್ತದೆ. ಮಂಡಿಗಾದರೆ ಕಾಲನ್ನು ಅರ್ಧ ಮಡಚಿಕೊಂಡು ಅಂಟಿಸಿ, ಚಾಚಿದ ಕಾಲಿಗೆ ಅಂಟಿಸಿದ್ದು ಮೆಟ್ಟಿಲು ಹತ್ತುವಾಗ ಎದ್ದು ಬರುತ್ತದೆ. ಅಂಟಿಸಿದ ಮೇಲೆ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒತ್ತಡ ಬಿದ್ದಾಗಲೇ ಈ ಅಂಟು ಚರ್ಮದ ಸಣ್ಣ ಸಣ್ಣ ಗೆರೆಗಳೊಳಗೆ ಹರಿದು ಹಿಡಿಯುವುದು, ಬಹಳ ಮಂದಿ ಈ ಒಂದು ಕೆಲಸ ಬಿಟ್ಟುಬಿಡುತ್ತಾರೆ. ಅಂಚು ಎದ್ದರೆ ಮೇಲೆ ಕಾಗದದ ಟೇಪು ಹಾಕಿಕೊಳ್ಳಬಹುದು.

ಒಂದು ಪಟ್ಟಿಯನ್ನು ಎರಡು ತುಂಡು ಮಾಡಿ ಎರಡು ದಿನ ಬಳಸಬಹುದೇ?

ಒಳಗಿನ ಕಾಗದದಲ್ಲಿ ಕತ್ತರಿಸಬಹುದು ಎಂದು ಬರೆದಿದ್ದರೆ ಮಾತ್ರ. ಕೆಲವು ಪಟ್ಟಿಗಳಲ್ಲಿ ಔಷಧವು ಅಂಟಿನೊಳಗೇ ಸಮನಾಗಿ ಬೆರೆತಿರುತ್ತದೆ, ಇನ್ನು ಕೆಲವಲ್ಲಿ ದ್ರವ ರೂಪದಲ್ಲಿ ಒಂದು ಪುಟ್ಟ ಚೀಲದಲ್ಲಿರುತ್ತದೆ. ಚೀಲವಿರುವುದಕ್ಕೆ ಕತ್ತರಿ ಹಾಕಿದರೆ ದಿನವಿಡೀ ಬಿಡಬೇಕಾದ ಔಷಧ ಒಮ್ಮೆಗೇ ಸುರಿಯುತ್ತದೆ. ಹೊರಗಿನಿಂದ ನೋಡಿ ಯಾವುದು ಯಾವ ಜಾತಿಯದು ಎಂದು ನೀವು ಗುರುತಿಸಲಾರಿರಿ.

ಪಟ್ಟಿಯ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಬೇಗ ಗುಣವಾಗುತ್ತದೆ ಎನ್ನುತ್ತಾರಲ್ಲ?

ಬೇಡ. ಬಿಸಿ ತಾಗಿದರೆ ಚರ್ಮಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಗಾರೆಯ ಕೊಬ್ಬು ಸಡಿಲಾಗುತ್ತದೆ, ಲೆಕ್ಕ ಹಾಕಿ ಇಟ್ಟ ಪ್ರಮಾಣಕ್ಕಿಂತ ಹೆಚ್ಚು ಔಷಧ ರಕ್ತಕ್ಕೆ ಹೋಗುತ್ತದೆ. ಇನ್ನೊಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಎಂಆರ್‌ಐ ಪರೀಕ್ಷೆಗೆ ಹೋಗುವಾಗ ಮೈಮೇಲಿನ ಪಟ್ಟಿಯ ಬಗ್ಗೆ ಸಿಬ್ಬಂದಿಗೆ ತಪ್ಪದೇ ಹೇಳಿ. ಕೆಲವು ಪಟ್ಟಿಗಳ ಹಿಂಬದಿಯಲ್ಲಿ ಲೋಹದ ತೆಳುಪದರ ಇರುತ್ತದೆ, ಅದು ಯಂತ್ರದೊಳಗೆ ಕಾದು ಚರ್ಮ ಸುಟ್ಟುಬಿಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು.

ಪಟ್ಟಿ ತೆಗೆದು ಮೂರು ದಿನವಾಗಿತ್ತು. ಬಿಸಿಲಿಗೆ ಹೋದೆ, ಅದೇ ಚೌಕಾಕಾರದಲ್ಲಿ ಚರ್ಮ ಬೆಂದ ಹಾಗಾಯಿತು. ಏಕೆ?

ಅದು ಕೀಟೊಪ್ರೊಫೇನ್ ಇದ್ದ ಪಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಈ ಔಷಧ ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ಚರ್ಮದ ಪ್ರೋಟೀನುಗಳ ಜತೆ ಸೇರಿಕೊಂಡು ಅಲರ್ಜಿ ಎಬ್ಬಿಸುತ್ತದೆ. ಪಟ್ಟಿ ಕಿತ್ತ ಮೇಲೂ ಔಷಧ ಚರ್ಮದಲ್ಲಿ ಉಳಿದಿರುವುದರಿಂದ, ಬಳಸುವಾಗಲೂ ನಿಲ್ಲಿಸಿದ ಎರಡು ವಾರದವರೆಗೂ ಆ ಭಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಮೋಡ ಕವಿದ ದಿನವೂ ಇದೇ ನಿಯಮ. ಕೆಲವು ಸನ್‌ಸ್ಕ್ರೀನುಗಳಲ್ಲಿರುವ ಆಕ್ಟೊಕ್ರಿಲೀನ್ ಎಂಬ ಅಂಶಕ್ಕೂ ಆಗ ಮೈ ಒಗ್ಗದೇ ಹೋಗಬಹುದು. ಗುಳ್ಳೆ ಎದ್ದಿದ್ದರೆ ಚರ್ಮವೈದ್ಯರ ಬಳಿ ಹೋಗಿ, ಬಳಸಿದ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಯಾರು ಇದರ ಹತ್ತಿರ ಹೋಗಬಾರದು?

ಆಸ್ಪಿರಿನ್ ಜಾತಿಯ ಮಾತ್ರೆಯಿಂದ ಉಬ್ಬಸ ಅಥವಾ ಮೈಮೇಲೆ ದದ್ದು ಎದ್ದ ಅನುಭವ ಇದ್ದವರು. ಗರ್ಭಿಣಿಯರು, ಅದರಲ್ಲೂ 20 ವಾರ ಕಳೆದವರು, ವೈದ್ಯರು ಹೇಳದೆ ಬಳಸಲೇಬಾರದು. ಗಾಯ, ಇಸುಬು, ಸುಟ್ಟ ಚರ್ಮದ ಮೇಲೆ ಯಾರೂ ಅಂಟಿಸಬಾರದು, ಅಲ್ಲಿ ತಡೆಗೋಡೆಯೇ ಇರುವುದಿಲ್ಲ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಕೇಳಿ. ಪಟ್ಟಿಯೂ ಮಾತ್ರೆಯೂ ಎರಡನ್ನೂ ಒಟ್ಟಿಗೆ ಶುರುಮಾಡುವವರನ್ನು ಬಹಳ ನೋಡಿದ್ದೇನೆ. ಹಾಗೆ ಮಾಡಿದರೆ ಹೊಟ್ಟೆ ಉಳಿಸಿಕೊಳ್ಳಲು ಪಟ್ಟಿಗೆ ಬಂದದ್ದೇ ವ್ಯರ್ಥ.

ಬಳಸಿದ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಗೇ ಹಾಕಬಹುದೇ?

ಹಾಗೇ ಬೇಡ. ಡೈಕ್ಲೋಫೆನಾಕ್ ಎಪೊಲಮಿನ್‌ನ ಒಂದು ಪಟ್ಟಿಯಲ್ಲಿ 180 ಮಿಲಿಗ್ರಾಂ ಔಷಧ ಇರುತ್ತದೆ. ಹನ್ನೆರಡು ಗಂಟೆಯಲ್ಲಿ ಚರ್ಮದೊಳಕ್ಕೆ ಹೋಗುವುದು ಅದರ ಸಣ್ಣ ಪಾಲು, ಉಳಿದದ್ದು ನೀವು ಎಸೆಯುವ ಪಟ್ಟಿಯಲ್ಲೇ ಇದೆ. ಮಗುವೋ ನಾಯಿಯೋ ಅದನ್ನು ಜಗಿದರೆ ಅನಾಹುತ. ಅಂಟಿನ ಮುಖಗಳು ಒಳಗೆ ಬರುವಂತೆ ಮಡಚಿ, ಪೊಟ್ಟಣಕ್ಕೆ ತುಂಬಿ, ಮುಚ್ಚಳವಿರುವ ಬುಟ್ಟಿಗೆ ಹಾಕಿ. ಕೈ ತೊಳೆದುಕೊಳ್ಳಿ.

ಈ ಅಣುವಿನ ಶಕ್ತಿ ಮುಂಬಯಿಗರಿಗೆ ಬೇರೆ ರೀತಿಯಲ್ಲೂ ಗೊತ್ತಾಗಬೇಕು. ಡೈಕ್ಲೋಫೆನಾಕ್ ಚುಚ್ಚಿದ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಉಪಖಂಡದ ಉದ್ದಗಲಕ್ಕೂ ಸತ್ತವು. 2006ರಲ್ಲಿ ಭಾರತ ಈ ಔಷಧದ ಪಶುಬಳಕೆಯನ್ನು ನಿಷೇಧಿಸಿತು. ಪಾರ್ಸಿಗಳು ತಮ್ಮವರ ಶವಗಳನ್ನು ಹದ್ದುಗಳಿಗೆ ಬಿಡುವ ಜಾಗ ಮಲಬಾರ್ ಹಿಲ್‌ನ ಡೂಂಗರವಾಡಿ. ಹದ್ದುಗಳಿಲ್ಲದೆ ಅಲ್ಲಿ ಅವರು ಶವಸಂಸ್ಕಾರಕ್ಕೆ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಸಾಧನಗಳನ್ನು ಅಳವಡಿಸಬೇಕಾಯಿತು. ಮನುಷ್ಯರ ಪಟ್ಟಿಗಳಿಂದ ಆದ ಹಾನಿ ಅದಲ್ಲ. ಆದರೂ ಆ ಗುಡ್ಡದ ಪಕ್ಕ ಬಸ್ಸಿನಲ್ಲಿ ಹೋಗುವಾಗಲೆಲ್ಲ, ನಮ್ಮ ದೇಹ ತಾಳಿಕೊಳ್ಳುವುದನ್ನು ಇನ್ನೊಂದು ಜೀವ ತಾಳಿಕೊಳ್ಳದಿರಬಹುದು ಎಂಬುದು ನನಗೆ ನೆನಪಾಗುತ್ತದೆ.

## ತಯಾರಿಕೆಯ ಒಳಗೆ

ಪಟ್ಟಿಯೊಳಗೆ ಏನೇನಿದೆ? ಗೋಂದಿಗೆ ಔಷಧ ಕಲಸಿ ಬಟ್ಟೆಗೆ ಬಳಿದರೆ ಆಯಿತಲ್ಲವೇ?

ಮೂರು ಪದರ. ಹೊರಗೆ ಬಟ್ಟೆ ಅಥವಾ ಪ್ಲಾಸ್ಟಿಕ್ಕಿನ ಹಿಂಬದಿ, ನಡುವೆ ಔಷಧ ಹೊತ್ತ ಅಂಟು, ಅದರ ಮೇಲೆ ಬಳಸುವ ಮುನ್ನ ಕಿತ್ತೆಸೆಯುವ ಹಾಳೆ. ಅಂಟಿನ ವಿಷಯದಲ್ಲಿ ಎರಡು ದೊಡ್ಡ ಪಂಗಡಗಳಿವೆ.

ಒಂದು ನೀರಿನಂಶದ ದಪ್ಪ ಜೆಲ್. ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿಯನ್ನು ಗ್ಲಿಸರಿನ್ನಿನಲ್ಲಿ ಹರಡಿ, ಔಷಧ ಮತ್ತು ಟಾರ್ಟಾರಿಕ್ ಆಮ್ಲವಿರುವ ನೀರಿಗೆ ಸೇರಿಸುತ್ತೇವೆ. ಜತೆಗಿರುವ ಅಲ್ಯೂಮಿನಿಯಂ ಲವಣ ನಿಧಾನವಾಗಿ ಕರಗುತ್ತಾ ಉದ್ದನೆಯ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹಾಲುಬಾಯಿ ಮಾಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಗುಚುತ್ತಾ ಮಗುಚುತ್ತಾ ಸೌಟು ಭಾರವಾಗುವ ಒಂದು ಗಳಿಗೆ ಇದೆ, ಅದಕ್ಕಿಂತ ಮೊದಲು ತಟ್ಟೆಗೆ ಸುರಿದರೆ ಹರಿದುಹೋಗುತ್ತದೆ, ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಜೆಲ್ಲನ್ನೂ ಆ ಗಳಿಗೆಗೆ ಸರಿಯಾಗಿ ಬಟ್ಟೆಯ ಮೇಲೆ ಹರಡಬೇಕು. ಆಮ್ಲ ಹೆಚ್ಚಾದರೆ ಆ ಗಳಿಗೆ ಬೇಗ ಬರುತ್ತದೆ, ಕಡಿಮೆಯಾದರೆ ಬರುವುದೇ ಇಲ್ಲ.

ಇನ್ನೊಂದು ನೀರಿಲ್ಲದ, ತೆಳುವಾದ ಅಂಟು: ಅಕ್ರಿಲಿಕ್, ಸಿಲಿಕೋನ್, ಪಾಲಿಐಸೊಬ್ಯುಟಿಲೀನ್ ಅಥವಾ ರಬ್ಬರ್ ಜಾತಿಯದು. ದ್ರಾವಕದಲ್ಲಿ ಕರಗಿಸಿ, ಔಷಧ ಬೆರೆಸಿ, ಹಾಳೆಯ ಮೇಲೆ ಚಾಕುವಿನಂಥ ಅಲಗಿನಿಂದ ಸಮನಾಗಿ ಎಳೆದು, ಒಲೆಯಲ್ಲಿ ದ್ರಾವಕವನ್ನು ಹಾರಿಸುತ್ತೇವೆ. ಬೇಗ ಒಣಗಿಸಲು ಹೋದರೆ ಮೇಲ್ಮೈ ಕೆನೆಗಟ್ಟಿ ಒಳಗೆ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಜೆಲ್ ದಪ್ಪ, ತಂಪು, ಚರ್ಮಕ್ಕೆ ಮೃದು, ಆದರೆ ಬೇಗ ಜಾರುತ್ತದೆ. ತೆಳು ಅಂಟು ಗಟ್ಟಿಯಾಗಿ ಕೂರುತ್ತದೆ, ಕೀಳುವಾಗ ನೋಯುತ್ತದೆ.

ಔಷಧವನ್ನೇ ಎರಡು ಪಟ್ಟು ತುಂಬಿದರೆ ಎರಡು ಪಟ್ಟು ಬೇಗ ನೋವು ಹೋಗಬೇಕಲ್ಲ?

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಹೀಗೆಯೇ ಯೋಚಿಸಿದ್ದೆ. ಔಷಧ ಅಂಟಿನಿಂದ ಚರ್ಮಕ್ಕೆ ದಾಟುವ ವೇಗವನ್ನು ತೀರ್ಮಾನಿಸುವುದು ಅದು ಎಷ್ಟು ಇದೆ ಎನ್ನುವುದಕ್ಕಿಂತ, ಆ ಅಂಟಿನಲ್ಲಿ ಕರಗಬಲ್ಲ ಮಿತಿಗೆ ಎಷ್ಟು ಹತ್ತಿರ ಇದೆ ಎನ್ನುವುದು. ಮಿತಿಯ ಅಂಚಿನಲ್ಲಿರುವ ಔಷಧಕ್ಕೆ ಹೊರಹೋಗುವ ಆತುರ ಹೆಚ್ಚು. ಹಾಗೆಂದು ಮಿತಿ ದಾಟಿ ತುಂಬಿದರೆ ಹೆಚ್ಚುವರಿ ಔಷಧ ಹರಳುಗಟ್ಟುತ್ತದೆ, ಹರಳಾದ ಔಷಧ ಚರ್ಮವನ್ನು ದಾಟುವುದಿಲ್ಲ.

ನನ್ನ ಆ ಹಾಳೆ ಮೊದಲ ದಿನ ಗಾಜಿನಂತೆ ತಿಳಿಯಾಗಿತ್ತು. ಫಲಿತಾಂಶವೂ ಚೆನ್ನಾಗಿತ್ತು. 40 ಡಿಗ್ರಿ ಉಷ್ಣ, ಶೇಕಡಾ 75 ತೇವಾಂಶದ ಪೆಟ್ಟಿಗೆಯಲ್ಲಿ ಆರು ತಿಂಗಳ ಪರೀಕ್ಷೆಗೆ ಇಟ್ಟೆ. ಮೂರನೇ ತಿಂಗಳು ತೆಗೆದಾಗ ಕಣ್ಣಿಗೆ ಏನೂ ವ್ಯತ್ಯಾಸ ಇರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಧ್ರುವೀಕರಿಸಿದ ಬೆಳಕು ಹಾಯಿಸಿದರೆ ಕಪ್ಪು ಹಿನ್ನೆಲೆಯಲ್ಲಿ ನೂರಾರು ಸೂಜಿಗಳು ಮಿನುಗುತ್ತಿದ್ದವು. ಹಾಳೆ ಕತ್ತರಿಸಿದ ಅಂಚಿನಿಂದಲೇ ಅವು ಬೆಳೆಯಲು ತೊಡಗಿದ್ದವು. ಒಂದು ವರ್ಷದ ಕೆಲಸವನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು.

ದೊಡ್ಡ ಮಟ್ಟದಲ್ಲೂ ಇದು ನಡೆದಿದೆ. ಪಾರ್ಕಿನ್ಸನ್ ಕಾಯಿಲೆಯ ರೊಟಿಗೊಟಿನ್ ಪಟ್ಟಿಯಲ್ಲಿ ಹಿಮದ ಹರಳಿನಂಥ ಕಣಗಳು ಮೂಡಿದ್ದರಿಂದ 2008ರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಮತ್ತೆ ಬಂದದ್ದು 2012ರಲ್ಲಿ. ನಾಲ್ಕು ವರ್ಷ ಅಲ್ಲಿನ ರೋಗಿಗಳು ಅದಿಲ್ಲದೆ ಕಳೆಯಬೇಕಾಯಿತು.

ನೀವು ಯಾವಾಗಲೂ ಅಂಟಿನ ಬಗ್ಗೆಯೇ ಮಾತಾಡುತ್ತೀರಿ. ಔಷಧಕ್ಕಿಂತ ಅಂಟು ಮುಖ್ಯವೇ?

ಔಷಧವನ್ನು ಇತರರು ಕಂಡುಹಿಡಿದು ಕೊಟ್ಟಿದ್ದಾರೆ. ಅದು ಚರ್ಮದ ಮೇಲೆ ಹನ್ನೆರಡು ಗಂಟೆ ನಿಲ್ಲುವುದು ನಮ್ಮ ಹೊಣೆ. ಒಂದು ಮೂಲೆ ಎದ್ದರೆ ಆ ಮೂಲೆಯಷ್ಟು ಔಷಧ ಒಳಗೆ ಹೋಗಲಿಲ್ಲವೆಂದೇ ಲೆಕ್ಕ. ಆದ್ದರಿಂದ ನನಗೆ ಅಂಟು ಅರ್ಧ ಔಷಧ.

ಮೂರು ಗುಣಗಳನ್ನು ಅಳೆಯುತ್ತೇವೆ. ಮುಟ್ಟಿದೊಡನೆ ಹಿಡಿಯುವುದು, ಕೀಳಲು ಬೇಕಾಗುವ ಬಲ, ಮತ್ತು ತನ್ನ ಭಾರಕ್ಕೆ ತಾನೇ ಜಾರದೆ ನಿಲ್ಲುವುದು. ಮೊದಲನೆಯದಕ್ಕೆ ಇಳಿಜಾರಿನಿಂದ ಉಕ್ಕಿನ ಗುಂಡನ್ನು ಅಂಟಿನ ಮೇಲೆ ಉರುಳಿಬಿಟ್ಟು ಎಷ್ಟು ದೂರ ಹೋಗಿ ನಿಂತಿತು ಎಂದು ನೋಡುವ ಪರೀಕ್ಷೆ ಇದೆ. ಎರಡನೆಯದಕ್ಕೆ ಉಕ್ಕಿನ ಫಲಕಕ್ಕೆ ಅಂಟಿಸಿ 180 ಡಿಗ್ರಿ ಹಿಂದಕ್ಕೆ ಮಡಚಿ ಯಂತ್ರದಿಂದ ಎಳೆಯುತ್ತೇವೆ. ಮೂರನೆಯದಕ್ಕೆ ತೂಕ ಕಟ್ಟಿ ನೇತುಹಾಕಿ ಗಡಿಯಾರ ನೋಡುತ್ತೇವೆ. ಇವು ಮೂರೂ ಒಂದರೊಡನೊಂದು ಜಗಳವಾಡುತ್ತವೆ. ಮೆತ್ತಗಿನ ಅಂಟು ಬೇಗ ಹಿಡಿಯುತ್ತದೆ, ಆದರೆ ನಿಧಾನವಾಗಿ ಅಂಚಿನಿಂದ ಹರಿದು ಹೊರಬರುತ್ತದೆ. ಪಟ್ಟಿ ಕಿತ್ತ ಮೇಲೆ ಸುತ್ತ ಉಳಿಯುವ ಕಪ್ಪು ಗೆರೆ ಹಾಗೆ ಹರಿದ ಅಂಟಿಗೆ ಮೆತ್ತಿದ ಧೂಳು. ಗಟ್ಟಿ ಅಂಟು ಹರಿಯುವುದಿಲ್ಲ, ಆದರೆ ಬೆವರಿದ ಚರ್ಮವನ್ನು ಹಿಡಿಯುವುದೂ ಇಲ್ಲ.

ಔಷಧ ಬೆರೆಸಿದೊಡನೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಕರಗಿದ ಔಷಧ ಅಂಟನ್ನು ಮೆತ್ತಗೆ ಮಾಡಬಹುದು. ಅಂಟಿನ ಸರಪಳಿಗೂ ಔಷಧದ ಅಣುವಿಗೂ ಗಾಢವಾದ ನಂಟು ಬೆಳೆದರೆ ಔಷಧ ಅಲ್ಲೇ ಕುಳಿತುಬಿಡುತ್ತದೆ. ಉಕ್ಕಿನ ಫಲಕದ ಮೇಲೆ ಗೆದ್ದ ಪಟ್ಟಿ ಮನುಷ್ಯನ ಮಂಡಿಯ ಮೇಲೆ ಸೋಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ತಂಪು ದೇಶದ ಒಣ ಚರ್ಮಕ್ಕೆಂದು ಹದಮಾಡಿದ ಅಂಟು ಮುಂಬಯಿಯ ಕಾರ್ಖಾನೆಯ ಕೆಲಸಗಾರನ ಬೆನ್ನಿಗೆ ಸಾಲದು. ನಮ್ಮ ಹವೆಗೆ, ನಮ್ಮ ದುಡಿಮೆಗೆ ತಕ್ಕ ಅಂಟನ್ನು ಇಲ್ಲಿಯೇ ಹದಮಾಡಬೇಕು ಎನ್ನುವುದು ನನ್ನ ಹಟ.

ಚರ್ಮದ ಮೂಲಕ ಇಷ್ಟೇ ಹೋಯಿತು ಎಂದು ಹೇಗೆ ಅಳೆಯುತ್ತೀರಿ? ಮನುಷ್ಯರ ಮೇಲೆಯೇ ಪ್ರಯೋಗವೇ?

ಮೊದಲು ಗಾಜಿನ ಮೇಲೆ. ಫ್ರಾಂಜ್ ಕೋಶ ಎಂಬ ಎರಡು ಭಾಗದ ಗಾಜಿನ ಪಾತ್ರೆ ಇದೆ, ಥಾಮಸ್ ಫ್ರಾಂಜ್ 1975ರಲ್ಲಿ ಅದರ ಬಳಕೆಯನ್ನು ಪ್ರಕಟಿಸಿದರು. ನಡುವೆ ಚರ್ಮದ ತುಂಡು, ಮೇಲೆ ಪಟ್ಟಿ, ಕೆಳಗೆ ರಕ್ತದ ಬದಲಿಗೆ ಲವಣದ ದ್ರಾವಣ. ಪುಟ್ಟ ಆಯಸ್ಕಾಂತ ಅದನ್ನು ಸದಾ ಕದಡುತ್ತಿರುತ್ತದೆ. ಚರ್ಮದ ಮೇಲ್ಮೈ 32 ಡಿಗ್ರಿ ಇರಬೇಕು. ಗಂಟೆಗಂಟೆಗೆ ಪಕ್ಕದ ಕೊಳವೆಯಿಂದ ಸ್ವಲ್ಪ ದ್ರವ ತೆಗೆದು ಔಷಧ ಎಷ್ಟಿದೆ ಎಂದು ನೋಡುತ್ತೇವೆ.

ಚರ್ಮ ಎಲ್ಲಿಂದ ಎಂದು ಕೇಳುತ್ತಾರೆ. ಕಸಾಯಿಖಾನೆಯಿಂದ ಬರುವ ಹಂದಿಯ ಕಿವಿಯ ಚರ್ಮ ನಮ್ಮ ಚರ್ಮಕ್ಕೆ ತಕ್ಕಮಟ್ಟಿಗೆ ಹೋಲುತ್ತದೆ. ದಾನವಾಗಿ ಬಂದ ಮನುಷ್ಯ ಚರ್ಮವೂ ಬಳಕೆಯಾಗುತ್ತದೆ. ಅದನ್ನು 60 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷದಷ್ಟು ಅದ್ದಿ ತೆಗೆದರೆ ಹೊರಪದರ ಈರುಳ್ಳಿಯ ಪೊರೆಯಂತೆ ಬಿಡಿಸಿಕೊಳ್ಳುತ್ತದೆ. ಇಕ್ಕಳದಿಂದ ಎತ್ತುವಾಗ ನನ್ನ ಉಸಿರು ತಾನಾಗಿ ನಿಧಾನವಾಗುತ್ತದೆ. ಯಾರದೋ ಕೊನೆಯ ಕೊಡುಗೆ ಅದು, ಹರಿಯಬಾರದು. ಚರ್ಮದ ಕೆಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ಕೆಡುತ್ತದೆ, ಆದ್ದರಿಂದ ಕೋಶವನ್ನು ಓರೆಮಾಡಿ ಟಾರ್ಚು ಬಿಟ್ಟು ನೋಡುತ್ತೇವೆ.

ಚರ್ಮದ ಗೋಡೆ ಅಷ್ಟು ಗಟ್ಟಿಯಿದ್ದರೆ ಅದನ್ನು ಸಡಿಲ ಮಾಡುವ ಉಪಾಯವಿಲ್ಲವೇ?

ಇದೆ. ಓಲಿಯಿಕ್ ಆಮ್ಲ, ಐಸೊಪ್ರೊಪೈಲ್ ಮಿರಿಸ್ಟೇಟ್, ಪ್ರೊಪಿಲೀನ್ ಗ್ಲೈಕಾಲ್, ಮೆಂಥಾಲ್ ಕೂಡ ಗಾರೆಯ ಕೊಬ್ಬಿನ ಜೋಡಣೆಯನ್ನು ಸ್ವಲ್ಪ ಹೊತ್ತು ಅಸ್ತವ್ಯಸ್ತ ಮಾಡುತ್ತವೆ. ಔಷಧದ ರೂಪ ಬದಲಿಸುವುದು ಇನ್ನೊಂದು ದಾರಿ. ಡೈಕ್ಲೋಫೆನಾಕ್‌ನ ಸೋಡಿಯಂ ಲವಣಕ್ಕೆ ನೀರೆಂದರೆ ಒಲವು ಹೆಚ್ಚು. ಎಪೊಲಮಿನ್ ಲವಣ ನೀರಿನಲ್ಲೂ ಎಣ್ಣೆಯಂಶದಲ್ಲೂ ಚೆನ್ನಾಗಿ ಕರಗುವುದರಿಂದ ಪಟ್ಟಿಗೆ ಒಗ್ಗಿತು. 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಇದೇ. ಸಡಿಲಿಸುವ ವಸ್ತು ಜಾಸ್ತಿಯಾದರೆ ಚರ್ಮ ಉರಿಯುತ್ತದೆ. ಉರಿ ಶಮನಕ್ಕೆಂದು ಬಂದ ಪಟ್ಟಿಯೇ ಉರಿ ತರಬಾರದು, ಅದಕ್ಕೆ ನಾನು ಇವನ್ನು ಜಿಪುಣಿಯಂತೆ ಬಳಸುತ್ತೇನೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಪಟ್ಟಿಯಿಂದಲೇ ಗುಣವಾಯಿತು, ಸುಮ್ಮನೆ ಬಿಟ್ಟಿದ್ದರೂ ಆಗುತ್ತಿತ್ತು ಎಂದು ಬೇರೆಮಾಡುವುದು ಹೇಗೆ?

ಪ್ರಾಮಾಣಿಕವಾದ ಪ್ರಶ್ನೆ. ಉಳುಕು ವಾರದಲ್ಲಿ ತಾನೇ ಇಳಿಯುತ್ತದೆ. ಏನೋ ಅಂಟಿಸಿಕೊಂಡಿದ್ದೇನೆ ಎಂಬ ಸಮಾಧಾನಕ್ಕೂ ನೋವು ತಗ್ಗಿಸುವ ಶಕ್ತಿಯಿದೆ. ಅದಕ್ಕೇ ಒಂದು ಗುಂಪಿಗೆ ಔಷಧವಿರುವ ಪಟ್ಟಿ, ಇನ್ನೊಂದಕ್ಕೆ ಔಷಧವಿಲ್ಲದ ಪಟ್ಟಿ ಕೊಟ್ಟು, ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಹೋಲಿಸುತ್ತಾರೆ. ಇಲ್ಲಿ ತಯಾರಕರಿಗೊಂದು ಸವಾಲಿದೆ. ಎರಡೂ ಪಟ್ಟಿಗಳ ಬಣ್ಣ, ವಾಸನೆ, ತಂಪು, ಅಂಟು ಒಂದೇ ಆಗಿರಬೇಕು. ಒಂದರಲ್ಲಿ ಮಾತ್ರ ಮೆಂಥಾಲ್ ಇದ್ದರೆ ರೋಗಿ ಮೂಗಿನಿಂದಲೇ ಗುಟ್ಟು ಕಂಡುಕೊಳ್ಳುತ್ತಾನೆ, ಪರೀಕ್ಷೆಗೆ ಅರ್ಥವಿರುವುದಿಲ್ಲ.

ಮಾತ್ರೆಗೆ ಅನುಮತಿ ಇದ್ದೇ ಇದೆಯಲ್ಲ, ಪಟ್ಟಿಗೆ ಮತ್ತೆ ಏಕೆ?

ಭಾರತದ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ, ಹಳೆಯ ಔಷಧವನ್ನು ಹೊಸ ವಿಧಾನದಲ್ಲಿ ದೇಹಕ್ಕೆ ತಲುಪಿಸಿದರೆ ಅದೂ ಹೊಸ ಔಷಧವೇ. ಅನುಮತಿ ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಿಂದ, ತಯಾರಿಕೆಯ ಪರವಾನಗಿ ರಾಜ್ಯದ ಔಷಧಾಡಳಿತದಿಂದ. ತಡವಾಗುತ್ತದೆ ಎಂದು ಗೊಣಗುವವರಿದ್ದಾರೆ. ಆ ಮೂರನೇ ತಿಂಗಳ ಸೂಜಿಗಳನ್ನು ಕಂಡ ಮೇಲೆ ನಾನು ಗೊಣಗುವುದನ್ನು ಬಿಟ್ಟಿದ್ದೇನೆ.

ಸೂಕ್ಷ್ಮಸೂಜಿಗಳ ಪಟ್ಟಿ ಬಂದರೆ ನಿಮ್ಮ ಕೆಲಸ ಹಳತಾಗುವುದಿಲ್ಲವೇ?

ಕೂದಲಿಗಿಂತ ಚೂಪಾದ, ಒಂದು ಮಿಲಿಮೀಟರಿಗೂ ಗಿಡ್ಡನೆಯ ಮೊನೆಗಳು ಹೊರಪದರವನ್ನು ಮಾತ್ರ ಚುಚ್ಚಿ ನೋವಿನ ನರಗಳನ್ನು ಹೆಚ್ಚು ಕೆಣಕದೆ ದಾರಿ ಮಾಡುತ್ತವೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಪ್ರಾಸ್ನಿಟ್ಜ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ತೋರಿಸಿದರು. 500ರ ಮಿತಿ ದಾಟಿದ ದೊಡ್ಡ ಅಣುಗಳಿಗೆ, ಲಸಿಕೆಗಳಿಗೆ ಇದು ಹೇಳಿಮಾಡಿಸಿದ್ದು. ಸಣ್ಣ ವಿದ್ಯುತ್ ಹರಿಸಿ ಸ್ಟೆರಾಯ್ಡನ್ನು ಒಳಗೆ ತಳ್ಳುವ ವಿಧಾನವನ್ನು ಭೌತಚಿಕಿತ್ಸಕರು ಈಗಾಗಲೇ ಬಳಸುತ್ತಾರೆ. ಮಂಡಿನೋವಿನ ಅಜ್ಜಿಗೆ ಮಾತ್ರ ತಾನೇ ಅಂಟಿಸಿಕೊಂಡು ತಾನೇ ಕೀಳಬಲ್ಲ ಸರಳ ಪಟ್ಟಿ ಬೇಕು. ಅದರ ಕೆಲಸ ಇನ್ನೂ ಬಹಳ ಬಾಕಿಯಿದೆ.

ಮಗಳು ಬಿ.ಫಾರ್ಮ ಓದುತ್ತಿದ್ದಾಳೆ, ಇದೇ ಕೆಲಸ ಮಾಡಬೇಕಂತೆ. ಎಲ್ಲಿಗೆ ಹೋಗಲಿ, ಏನು ಕಲಿಯಲಿ?

ಔಷಧ ರೂಪಿಸುವ ವಿಭಾಗದಲ್ಲಿ ಎಂ.ಫಾರ್ಮ ಮಾಡಲಿ, ಜತೆಗೆ ಪಾಲಿಮರ್ ರಸಾಯನಶಾಸ್ತ್ರವನ್ನು ಹಟ ಹಿಡಿದು ಓದಲಿ. ಮಾಟುಂಗಾದಲ್ಲಿ 1933ರಲ್ಲಿ ಶುರುವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಕಲೀನಾದ ಬಾಂಬೆ ಕಾಲೇಜ್ ಆಫ್ ಫಾರ್ಮಸಿ, ಪುಣೆಯ ಪಾಷಾಣ್ ಬಡಾವಣೆಯಲ್ಲಿ ಪಾಲಿಮರ್ ಸಂಶೋಧನೆಗೆ ಹೆಸರಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎಲ್ಲವೂ ಕೈಗೆಟಕುವ ದೂರದಲ್ಲಿವೆ.

ನಮ್ಮಲ್ಲಿಗೆ ಕಲಿಯಲು ಬರುವವರಿಗೆ ಮೊದಲ ವಾರ ನಾನು ಯಂತ್ರ ಮುಟ್ಟಲು ಬಿಡುವುದಿಲ್ಲ. ಔಷಧವಿಲ್ಲದ ಖಾಲಿ ಪಟ್ಟಿಯನ್ನು ಮುಂದೋಳಿಗೂ ಮಂಡಿಗೂ ಅಂಟಿಸಿಕೊಂಡು, ರೈಲು ಹತ್ತಿ, ಮನೆಗೆಲಸ ಮಾಡಿ, ಎರಡೆರಡು ಗಂಟೆಗೊಮ್ಮೆ ಯಾವ ಅಂಚು ಎಷ್ಟು ಎದ್ದಿತು ಎಂದು ಪುಸ್ತಕದಲ್ಲಿ ಚಿತ್ರ ಬರೆಯಬೇಕು. ಕಳೆದ ಮಳೆಗಾಲ ಬದ್ಲಾಪುರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಏಳು ದಿನದ ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಎದ್ದದ್ದು ಪ್ರತಿ ದಿನವೂ ನಾಲ್ಕು ಮೂಲೆಗಳೇ. "ಮೇಡಂ, ಮೂಲೆಯೇ ಇಲ್ಲದಂತೆ ದುಂಡಗೆ ಕತ್ತರಿಸಿದರೆ?" ಎಂದು ಕೇಳಿದಳು. ಎಂಟನೇ ದಿನ ಕತ್ತರಿ ಅವಳ ಕೈಗೆ ಕೊಟ್ಟೆ.